ಸ್ಕಿಜೋಫ್ರೇನಿಯಾದಲ್ಲಿ ಬೆಚ್ಚುವಿಕೆಯನ್ನು ಅಳೆಯುವುದು ಹೇಗೆ

ಜೋರು ಸದ್ದಿಗೆ ಕಣ್ಣು ಪಟ್ಟನೆ ಮಿಟುಕುತ್ತದೆ. ಅದಕ್ಕೆ ಸುಮಾರು 100 ಮಿಲಿಸೆಕೆಂಡ್ ಮೊದಲು ಒಂದು ಮೆಲುಸದ್ದು ಬಂದಿದ್ದರೆ ಮಿಟುಕಿನ ಬಿರುಸು ತಗ್ಗುತ್ತದೆ. ಈ ತಗ್ಗುವಿಕೆಗೆ ಪ್ರೀಪಲ್ಸ್ ಇನ್‌ಹಿಬಿಷನ್, ಚುಟುಕಾಗಿ ಪಿಪಿಐ, ಎನ್ನುತ್ತಾರೆ. ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇರುವವರಲ್ಲಿ ಇದು ಕಡಿಮೆ ಎಂದು ಸಂಶೋಧಕ ಡೇವಿಡ್ ಬ್ರಾಫ್ ಮತ್ತು ಸಂಗಡಿಗರು 1978ರಲ್ಲಿ ವರದಿ ಮಾಡಿದರು. ಅಳತೆ ಸರಳವೆನಿಸುತ್ತದೆ. ಆದರೆ ಉಪಕರಣದ ಸಣ್ಣ ಲೋಪವೂ ರೋಗದ ಲಕ್ಷಣದಂತೆಯೇ ಕಾಣಿಸಿಕೊಳ್ಳುತ್ತದೆ.

ಮೊದಲು ಸದ್ದನ್ನು ಸರಿಪಡಿಸಿಕೊಳ್ಳಿ. ಹಿನ್ನೆಲೆಗೆ 70 ಡೆಸಿಬೆಲ್‌ನ ಬಿಳಿ ಗದ್ದಲ (ಎಲ್ಲ ಆವರ್ತನಗಳೂ ಸಮನಾಗಿ ಬೆರೆತ ಸದ್ದು), ಬೆಚ್ಚಿಸಲು 115 ಡೆಸಿಬೆಲ್‌ನ 40 ಮಿಲಿಸೆಕೆಂಡ್ ಸದ್ದು, ಮುಂಚಿನ ಮೆಲುಸದ್ದಿಗೆ 86 ಡೆಸಿಬೆಲ್, 20 ಮಿಲಿಸೆಕೆಂಡ್. ಎರಡರ ನಡುವಿನ ಅಂತರ 30, 60, 120 ಮಿಲಿಸೆಕೆಂಡ್. ಇದನ್ನು ಮೆಲುಸದ್ದಿನ ಆರಂಭದಿಂದ ಜೋರುಸದ್ದಿನ ಆರಂಭಕ್ಕೆ ಲೆಕ್ಕ ಹಾಕಬೇಕು. ಸದ್ದು ಒಂದು ಮಿಲಿಸೆಕೆಂಡಿನೊಳಗೆ ಪೂರ್ತಿ ಏರಬೇಕು, ನಿಧಾನವಾಗಿ ಏರಿದರೆ ಬೆಚ್ಚುವಿಕೆಯೇ ಕುಗ್ಗುತ್ತದೆ. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ತಂತಿಯದ್ದನ್ನೇ ಬಳಸಿ, ಕಂಪ್ಯೂಟರಿನ ಸೌಂಡ್ ಎನ್‌ಹಾನ್ಸ್‌ಮೆಂಟ್ ಆಯ್ಕೆಗಳನ್ನೆಲ್ಲ ಆಫ್ ಮಾಡಿ, ಕೃತಕ ಕಿವಿ ಜೋಡಿಸಿದ ಸದ್ದುಮಾಪಕದಿಂದ ಅಳೆಯಿರಿ. ಸೌಂಡ್ ಕಾರ್ಡ್‌ನಿಂದ ಬರುವ ಸಂಕೇತವನ್ನು ಕಣ್ಣು ಮಿಟುಕಿಸುವ ಸ್ನಾಯುವಿನ ವಿದ್ಯುತ್ ಸಂಕೇತವನ್ನು ದಾಖಲಿಸುವ ಇಎಂಜಿ ಯಂತ್ರದ ಇನ್ನೊಂದು ಚಾನೆಲ್‌ಗೂ ಕೊಟ್ಟರೆ ವಿಳಂಬ ಎಷ್ಟೆಂಬುದು ಪರದೆಯ ಮೇಲೇ ಕಾಣುತ್ತದೆ. ತಂತ್ರಾಂಶ ತೋರಿಸುವ ಸಮಯವನ್ನು ಮಾತ್ರ ನಂಬಬೇಡಿ.

ಎಲೆಕ್ಟ್ರೋಡ್‌ಗಳು ಬೆಳ್ಳಿ–ಬೆಳ್ಳಿ ಕ್ಲೋರೈಡಿನವು, 4–5 ಮಿಲಿಮೀಟರ್ ಅಗಲದವು. ಒಂದನ್ನು ನೇರ ನೋಟದ ಕಣ್ಣುಪಾಪೆಯ ಕೆಳಗೆ, ಕೆಳರೆಪ್ಪೆಗೆ ತಾಗುವಷ್ಟು ಹತ್ತಿರ ಅಂಟಿಸಿ. ಇನ್ನೊಂದು ಅದರಿಂದ 1–2 ಸೆಂಟಿಮೀಟರ್ ಹೊರಗೆ, ಕಣ್ಣಿನ ತುದಿಯ ಕಡೆಗೆ ತುಸು ಮೇಲೆ. ಗ್ರೌಂಡ್ ಹಣೆಗೆ. ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ರೋಧ 5 ಕಿಲೋಓಮ್‌ಗಿಂತ ಕೆಳಗಿಳಿಸಿ. ಜೆಲ್ ಮಿತವಾಗಿರಲಿ: ಅದು ಹರಡಿ ಎರಡೂ ಎಲೆಕ್ಟ್ರೋಡ್‌ಗಳನ್ನು ಬೆಸೆದರೆ ರೋಧ ಚೆನ್ನಾಗಿ ಕಾಣುತ್ತದೆ, ಸಂಕೇತ ಮಾತ್ರ ಸತ್ತಿರುತ್ತದೆ.

ಸೆಕೆಂಡಿಗೆ ಕನಿಷ್ಠ 1000 ಮಾದರಿಗಳು, 28–500 ಹರ್ಟ್ಸ್ ಸೋಸುಕ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಈ ವ್ಯಾಪ್ತಿಯೊಳಗೇ ಬೀಳುತ್ತದೆ. ಆ ಒಂದು ಆವರ್ತನವನ್ನಷ್ಟೇ ಕತ್ತರಿಸುವ ನಾಚ್ ಫಿಲ್ಟರ್ ಹಾಕಿದರೆ ಸ್ನಾಯುವಿನ ಸಂಕೇತದ ಆ ಭಾಗವೂ ಹೋಗುತ್ತದೆ. ಅದರ ಬದಲು ಹತ್ತಿರದ ಚಾರ್ಜರ್, ಟ್ಯೂಬ್‌ಲೈಟ್ ಆರಿಸಿ, ಅರ್ಥಿಂಗ್ ನೋಡಿ.

ಭಾಗವಹಿಸುವವರ ವಿಷಯಕ್ಕೆ ಬಂದರೆ, ಒಪ್ಪಿಗೆಯಿಂದಲೇ ಶುರು. ಇಲ್ಲದ ದನಿಗಳನ್ನು ಕೇಳುವವರಿಗೆ, ಅನುಮಾನ ಕಾಡುವವರಿಗೆ ಹೆಡ್‌ಫೋನ್ ಎಂದರೇ ಅಳುಕು. ತಂತಿಗಳು ಏನನ್ನು ಅಳೆಯುತ್ತವೆ, ಏನನ್ನು ಅಳೆಯುವುದಿಲ್ಲ ಎಂದು ತೋರಿಸಿ ಹೇಳಿ, ಜೋರುಸದ್ದಿನ ಒಂದು ಮಾದರಿ ಕೇಳಿಸಿ. ಆಮೇಲೆ, "ಎದುರಿಗೆ ನೋಡ್ತಾ ಆರಾಮಾಗಿ ಕೂತಿರಿ, ಸದ್ದುಗಳ ಕಡೆ ಗಮನ ಕೊಡೋದು ಬೇಡ, ಸಾಕು ಅನ್ನಿಸಿದರೆ ಯಾವಾಗ ಬೇಕಾದರೂ ಹೇಳಿ" ಎಂದಷ್ಟು ಸಾಕು. ಮಾತು ಎಲ್ಲರಿಗೂ ಒಂದೇ ಆಗಿರಲಿ, ಏಕೆಂದರೆ ಮೆಲುಸದ್ದಿಗೆ ಗಮನ ಕೊಟ್ಟರೆ ಪಿಪಿಐ ಬದಲಾಗುತ್ತದೆ. ಶ್ರವಣ ಪರೀಕ್ಷೆ ತಪ್ಪಿಸಬೇಡಿ. ಕೊನೆಯ ಸಿಗರೇಟು ಯಾವಾಗ ಸೇದಿದ್ದು ಎಂದು ಬರೆದುಕೊಳ್ಳಿ: ನಿಕೋಟಿನ್ ಪಿಪಿಐಯನ್ನು ಏರಿಸಬಲ್ಲದು, ಈ ರೋಗದಲ್ಲಿ ಧೂಮಪಾನವೂ ಹೆಚ್ಚು. ಹೆಂಗಸರಲ್ಲಿ ಪಿಪಿಐ ಸಾಮಾನ್ಯವಾಗಿ ಗಂಡಸರಿಗಿಂತ ಕಡಿಮೆ, ಮುಟ್ಟಿನ ಚಕ್ರದೊಂದಿಗೂ ಏರಿಳಿಯುತ್ತದೆ. ಔಷಧದ ಹೆಸರು, ಪ್ರಮಾಣ ದಾಖಲಿಸಿ. ಅಳತೆಗಾಗಿ ಮಾತ್ರೆ ನಿಲ್ಲಿಸುವ ಯೋಚನೆ ಬೇಡ.

ಐದು ನಿಮಿಷ ಹಿನ್ನೆಲೆ ಗದ್ದಲ ಮಾತ್ರ. ಬಳಿಕ 6 ಬರಿಯ ಜೋರುಸದ್ದು. ನಂತರ 12 ಬರಿಯ ಜೋರುಸದ್ದು, ಮೂರೂ ಅಂತರಗಳಿಗೆ ತಲಾ 12 ಜೋಡಿಸದ್ದು, ಎಲ್ಲ ಕಲಸಿ. ಕೊನೆಗೆ ಮತ್ತೆ 6 ಬರಿಯವು. ಬಿಡುವು 8ರಿಂದ 22 ಸೆಕೆಂಡ್, ಸರಾಸರಿ 15. ಹೀಗೆ ಒಟ್ಟು ಇಪ್ಪತ್ತು ನಿಮಿಷ. ಮೊದಲ ಮತ್ತು ಕೊನೆಯ ಕಂತುಗಳನ್ನು ಹೋಲಿಸಿದರೆ ಒಗ್ಗಿಕೊಳ್ಳುವಿಕೆ ತಿಳಿಯುತ್ತದೆ, ಪಿಪಿಐಗೆ ನಡುವಿನ ಕಂತು ಮಾತ್ರ.

ಸಂಕೇತವನ್ನು ಮೊದಲು ರೆಕ್ಟಿಫೈ ಮಾಡಿ (ಎಂದರೆ ಋಣ ಬೆಲೆಗಳನ್ನೆಲ್ಲ ಧನವಾಗಿಸಿ), ಆಮೇಲೆ ನಯಗೊಳಿಸಿ. ಅದಲುಬದಲಾದರೆ ಧನ–ಋಣಗಳು ಪರಸ್ಪರ ಕಳೆದುಹೋಗುತ್ತವೆ. ಜೋರುಸದ್ದಿನ ನಂತರದ 20–120 ಮಿಲಿಸೆಕೆಂಡ್‌ಗಳಲ್ಲಿ ಶಿಖರ ಹುಡುಕಿ. ಸದ್ದಿಗೆ ಮುಂಚೆಯೇ ತಾನಾಗಿ ಕಣ್ಣು ಮಿಟುಕಿದ್ದರೆ ಆ ಸರದಿಯನ್ನು ಕೈಬಿಡಿ. ಪ್ರತಿಕ್ರಿಯೆಯೇ ಇಲ್ಲದ ಸರದಿ ಬೇರೆ: ಅದನ್ನು ಸೊನ್ನೆಯಾಗಿ ಸರಾಸರಿಗೆ ಸೇರಿಸಬೇಕು. ಇವೆರಡನ್ನು ಕಲಸಿದರೆ ಲೆಕ್ಕ ಕೆಟ್ಟಿತು.

ಬರಿಯ ಸದ್ದಿಗೆ ಸರಾಸರಿ 80 ಮೈಕ್ರೋವೋಲ್ಟ್, ಜೋಡಿಸದ್ದಿಗೆ 40 ಬಂದರೆ ಪಿಪಿಐ ಶೇಕಡ 50. ಆದರೆ 10 ಮತ್ತು 5 ಬಂದರೂ ಅದೇ 50! ಸಣ್ಣ ಅಂಕಿಗಳಲ್ಲಿ ಸಂಕೇತದೊಳಗಿನ ಗದ್ದಲವೇ ಉತ್ತರ ಬರೆಯುತ್ತದೆ. ಹಾಗಾಗಿ ಶೇಕಡಾವಾರಿನ ಪಕ್ಕದಲ್ಲಿ ಬರಿಯ ಬೆಚ್ಚುವಿಕೆಯ ಗಾತ್ರವನ್ನೂ, ಬೆಚ್ಚದವರೆಂದು ಕೈಬಿಟ್ಟವರ ಸಂಖ್ಯೆಯನ್ನೂ ರೋಗ ಇರುವವರು, ಆರೋಗ್ಯವಂತರು ಎಂಬ ಎರಡೂ ಗುಂಪಿಗೆ ಕೊಡಿ. ಕಡಿಮೆ ಪಿಪಿಐ ಹಂಟಿಂಗ್ಟನ್ ಕಾಯಿಲೆಯಲ್ಲೂ ಕಾಣುತ್ತದೆ, ಆರೋಗ್ಯವಂತರಲ್ಲೂ ಸಿಗುತ್ತದೆ. ಒಬ್ಬ ವ್ಯಕ್ತಿಯ ಅಂಕಿಯನ್ನು ರೋಗನಿರ್ಣಯವೆಂದು ಅವರ ಮನೆಯವರ ಕೈಗೆ ಕೊಡಬೇಡಿ.