ಪಾಸ್‌ಪೋರ್ಟ್ ಸ್ಟ್ಯಾಂಪ್‌ನ್ಯಾಗ ತಾರೀಖು ತಪ್ಪಿದ್ರ ಏನ್ ಮಾಡ್ಬೇಕು

ಇಮಿಗ್ರೇಶನ್ ಕೌಂಟರ್‌ನ್ಯಾಗ ಪಾಸ್‌ಪೋರ್ಟ್ ಕೈಗೆ ಬಂದ ಕೂಡ್ಲೇ ಬ್ಯಾಗಿಗೆ ತುರುಕಬ್ಯಾಡ್ರಿ, ಅಲ್ಲೇ ಬಾಜೂಕ ನಿಂತು ಹೊಸಾ ಸ್ಟ್ಯಾಂಪ್ ಹುಡುಕಿ ಬಂದ ತಾರೀಖು, ವೀಸಾ ನಮೂನಿ, ಎಲ್ಲೀತನಕ ಇರಬಹುದು, ಮೂರೂ ನೋಡ್ರಿ. ನಮ್ಮ ಕಾಕಾ ಬೆಳಗಾವಿಯಿಂದ ಮೊದಲ ಸಲ ಹೊರಗ ಹೋದಾಗ ಸ್ಟ್ಯಾಂಪಿನ್ಯಾಗ ತಿಂಗಳ ತಪ್ಪು ಬಿದ್ದಿತ್ತು, ಶಾಯಿ ಬ್ಯಾರೆ ಮಸುಕು, ಲಾಡ್ಜಿಗೆ ಹೋದಮ್ಯಾಲ ಗೊತ್ತಾಗಿ ರಾತ್ರಿಯೆಲ್ಲಾ ನಿದ್ದಿ ಇಲ್ಲ ಪಾಪ.

ಕೌಂಟರ್ ಬಳಿನೇ ಕಂಡ್ರ ಅದಾ ಆಫೀಸರಗ ತೋರಿಸ್ರಿ, ಅಲ್ಲೇ ತಿದ್ದಿಸ್ಕೊಳ್ಳೂದು ಎಲ್ಲಕಿಂತ ಸಲೀಸು. ಹೊರಗ ಬಂದಿದ್ರ ಆ ದೇಶದ ಇಮಿಗ್ರೇಶನ್ ಆಫೀಸಿಗೇ ಹೋಗ್ರಿ, ಬೋರ್ಡಿಂಗ್ ಪಾಸು, ಟಿಕೆಟ್ಟು, ವೀಸಾ ಕಾಪಿ ಎಲ್ಲಾ ಒಯ್ರಿ. ಅದಕ್ಕ ಬೋರ್ಡಿಂಗ್ ಪಾಸ್ ಎಂದೂ ಒಗೀಬ್ಯಾಡ್ರಿ, ನೀವು ಯಾವತ್ತು ಬಂದ್ರಿ ಅನ್ನೂದಕ್ಕ ಅದಾ ಸಾಕ್ಷಿ.

ಅಮೆರಿಕಾಕ್ಕ ಹೋದೋರು ಐ-94 ದಾಖಲೆ (ನೀವು ಯಾವತ್ತು ಬಂದ್ರಿ, ಎಲ್ಲೀತನಕ ಇರಬಹುದು ಅನ್ನೂ ಸರಕಾರಿ ದಾಖಲೆ) ಆನ್‌ಲೈನ್‌ನ್ಯಾಗ ತಗದು ನೋಡ್ರಿ, ಅದ್ರಾಗ ತಪ್ಪಿದ್ರ ಡಿಫರ್ಡ್ ಇನ್‌ಸ್ಪೆಕ್ಷನ್ ಅನ್ನೂ ಅಲ್ಲಿನ ಗಡಿ ಇಲಾಖೆ ಆಫೀಸಿನ್ಯಾಗ ಸರಿ ಮಾಡ್ತಾರ. ಶೆಂಗೆನ್ ದೇಶಗಳೊಳಗ (ಒಂದಾ ವೀಸಾದಾಗ ಸುತ್ತಬಹುದಾದ ಯುರೋಪಿನ ದೇಶಗಳು) ಸ್ವಲ್ಪ ದಿನಕ್ಕ ಹೋದೋರು 180 ದಿನದಾಗ 90 ದಿನ ಅಷ್ಟ ಇರಬಹುದು ಅನ್ನೂ ಲೆಕ್ಕ ಐತಿ, ಒಂದು ತಾರೀಖು ತಪ್ಪಿದ್ರೂ ಹೆಚ್ಚಿಗಿ ಉಳದಂಗ ಕಾಣಸ್ತೈತಿ.

ಪೆನ್ ತಗೊಂಡು ನೀವಾ ತಿದ್ದಾಕ ಮಾತ್ರ ಹೋಗಬ್ಯಾಡ್ರಿ, 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅದು ಅಪರಾಧ. ಊರಿಗೆ ಬಂದು ಪಾಸ್‌ಪೋರ್ಟ್ ಸೇವಾ ಕೇಂದ್ರದಾಗ ಕೇಳಿದ್ರೂ ಬ್ಯಾರೆ ದೇಶದ ಸ್ಟ್ಯಾಂಪ್ ಅವ್ರು ತಿದ್ದಾಕ ಬರಂಗಿಲ್ಲ.