ಸುಟ್ಟಿದ್ದು ಕಾಲಾದರೂ ಉಸಿರಿನ ಮೇಲೆ ಕಣ್ಣಿಡಿ

ಅಡಿಕೆ ಕೊಯ್ಲು ಶುರುವಾದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ಬೇಯಿಸುವ ಒಲೆಗಳು ರಾತ್ರಿಯೂ ಉರಿಯುತ್ತವೆ. ಕುದಿಯುವ ಚೊಗರು ಚೆಲ್ಲಿ ಸುಟ್ಟುಕೊಳ್ಳುವವರಿದ್ದಾರೆ. ಆಲೆಮನೆಯ ಕೊಪ್ಪರಿಗೆ, ಬಚ್ಚಲ ಹಂಡೆಯ ಅಪಾಯವೂ ಕಡಿಮೆಯೇನಲ್ಲ. ಗಾಯಕ್ಕೆ ಏನು ಹಚ್ಚಬೇಕು ಅಂತ ಎಲ್ಲರೂ ಕೇಳುತ್ತಾರೆ, ಉಸಿರಾಟದ ಬಗ್ಗೆ ಕೇಳುವವರು ಕಡಿಮೆ. ಆದರೆ ಹೊಗೆ ಒಳಗೆ ಹೋಗದಿದ್ದರೂ, ಮೈ ಜಾಸ್ತಿ ಸುಟ್ಟಿದ್ದರೆ ಶ್ವಾಸಕೋಶ ಕೆಡಬಹುದು.

ಮೊದಲು ನೀರು. ನಲ್ಲಿ ನೀರು ಅಥವಾ ಚೊಂಬಿನಲ್ಲಿ ತಣ್ಣೀರು, 20 ನಿಮಿಷ ಬಿಡದೆ ಹಾಕಿ. ಸುಟ್ಟು ಮೂರು ಗಂಟೆಯೊಳಗೆ ಹಾಕಿದರೂ ಉಪಯೋಗವಿದೆ. ಐಸ್, ಪೇಸ್ಟ್, ಬೆಣ್ಣೆ, ಇಂಕು ಬೇಡವೇ ಬೇಡ. ಬಳೆ, ಉಂಗುರ ತೆಗೆಯಿರಿ. ಮಕ್ಕಳಾದರೆ ಉಳಿದ ಮೈಗೆ ಚಳಿಯಾಗದಂತೆ ಹೊದಿಸಿ. ಎಷ್ಟು ಗಂಟೆಗೆ ಸುಟ್ಟಿತು ಅಂತ ಬರೆದಿಡಿ, ಡ್ರಿಪ್ಪಿನ ಲೆಕ್ಕ ಆಸ್ಪತ್ರೆಗೆ ಬಂದ ಹೊತ್ತಿನಿಂದ ಅಲ್ಲ, ಸುಟ್ಟ ಹೊತ್ತಿನಿಂದ ಶುರುವಾಗುತ್ತದೆ.

ಆಮೇಲೆ ಅಳತೆ. ಸುಟ್ಟವರದೇ ಅಂಗೈ, ಬೆರಳೂ ಸೇರಿ, ಅವರ ಮೈಯ ಸುಮಾರು ಶೇಕಡಾ 1. ಬರೀ ಕೆಂಪಾದ ಜಾಗ ಬಿಟ್ಟು, ಬೊಬ್ಬೆ ಬಂದ ಮತ್ತು ಆಳವಾಗಿ ಸುಟ್ಟ ಜಾಗ ಎಣಿಸಿ. ದೊಡ್ಡವರಿಗೆ 15, ಮಕ್ಕಳಿಗೆ 10 ದಾಟಿದರೆ ಅದು ದೊಡ್ಡ ಗಾಯ. ಕೈಯಲ್ಲಿ ಒಂದು ಬೊಬ್ಬೆ ಎದ್ದಿದ್ದಕ್ಕೆ ಶ್ವಾಸಕೋಶದ ಚಿಂತೆ ಬೇಡ. ಆದರೆ ಮುಖ ಅಥವಾ ಕುತ್ತಿಗೆ ಸುಟ್ಟಿದ್ದರೆ ಲೆಕ್ಕ ಹಾಕುತ್ತಾ ಕೂರದೆ ಹೊರಡಿ.

ಕಾಲು ಸುಟ್ಟರೆ ಎದೆಗೇನು ಸಂಬಂಧ ಅಂತೀರಾ? ನಮ್ಮ ಮೈಯಲ್ಲಿ ಹುಟ್ಟಿನಿಂದಲೇ ಇರುವ ರೋಗನಿರೋಧಕ ವ್ಯವಸ್ಥೆ ಒಂದಿದೆ. ಸುಟ್ಟ ಜೀವಕೋಶಗಳು ಒಡೆದು ಒಳಗಿನ ವಸ್ತುಗಳು ರಕ್ತಕ್ಕೆ ಸೇರಿದಾಗ, ರೋಗಾಣು ಇಲ್ಲದಿದ್ದರೂ ಅದು ಎಚ್ಚೆತ್ತುಕೊಳ್ಳುತ್ತದೆ. ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಗಾಯದ ಕಡೆಗಷ್ಟೇ ಹೋಗುವುದಿಲ್ಲ. ಕೆರಳಿದ ಈ ಕಣಗಳು ಗಟ್ಟಿಯಾಗುತ್ತವೆ, ಶ್ವಾಸಕೋಶದ ರಕ್ತನಾಳಗಳೋ ಕೂದಲಿಗಿಂತ ಸಣ್ಣವು, ಅಲ್ಲೇ ಸಿಕ್ಕಿಕೊಂಡು ರೋಗಾಣುಗಳಿಗೆ ಅಂತ ಇಟ್ಟ ರಾಸಾಯನಿಕಗಳನ್ನು ನಮ್ಮದೇ ನಾಳದ ಗೋಡೆ ಮೇಲೆ ಸುರಿಯುತ್ತವೆ. ಗೋಡೆ ಸೋರುತ್ತದೆ. ಗಾಳಿ ಇರಬೇಕಾದ ಪುಟ್ಟ ಚೀಲಗಳಲ್ಲಿ ನೀರು ತುಂಬುತ್ತದೆ. ಡಾಕ್ಟರು ಎ.ಆರ್.ಡಿ.ಎಸ್. ಅನ್ನುವುದು ಇದಕ್ಕೇ. ಇದು ಹೆಚ್ಚಾಗಿ ಮೊದಲ ವಾರದಲ್ಲೇ ಬರುತ್ತದೆ, ಹಾಗಾಗಿ ಎರಡನೇ ದಿನ ಮಾತಾಡುತ್ತಾ ಕೂತಿದ್ದಾರೆ ಅಂತ ಮೈಮರೆಯಬೇಡಿ.

ಮುಚ್ಚಿದ ಕೋಣೆಯಲ್ಲಿ ಬೆಂಕಿ ಬಿದ್ದು ಹೊಗೆಯೂ ಕುಡಿದಿದ್ದರೆ ಪೆಟ್ಟು ಎರಡು ಕಡೆಯಿಂದ. ಮೂಗಿನ ಕೂದಲು ಕರಕಲಾಗಿದೆಯಾ, ಕಫದಲ್ಲಿ ಮಸಿ ಇದೆಯಾ, ದನಿ ಒಡೆದಿದೆಯಾ ನೋಡಿ. ಗಂಟಲು ಊದಿ ಉಸಿರಿನ ದಾರಿಯೇ ಮುಚ್ಚಬಹುದು. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ಆಗ ನಂಬಬೇಡಿ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿದ್ದರೆ ಅದನ್ನೂ ಆ ಯಂತ್ರ ಆಮ್ಲಜನಕ ಅಂತಲೇ ಓದುತ್ತದೆ.

ರೋಗಿಯ ಪಕ್ಕ ಕೂತವರು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಸುಮ್ನೆ ಮಲಗಿರುವ ದೊಡ್ಡವರಲ್ಲಿ 12ರಿಂದ 20 ಸರಿ. 25ರ ಹತ್ತಿರ ಬಂದರೆ, ತುಟಿ ನೀಲಿಯಾದರೆ, ಮಾತಿನ ಮಧ್ಯೆ ಏದುಸಿರು ಬಂದರೆ, ಇದ್ದಕ್ಕಿದ್ದಂತೆ ಗೊಂದಲದಲ್ಲಿ ಮಾತಾಡಿದರೆ ಆ ಕ್ಷಣವೇ ನರ್ಸಿಗೆ ಹೇಳಿ. ಡಾಕ್ಟರು ಬೇಡ ಅನ್ನದಿದ್ದರೆ ತಲೆಯ ಕಡೆ ಎತ್ತರಿಸಿ ಮಲಗಿಸಿ. ಮೂರು ಉಂಡೆಯ ಉಸಿರಾಟದ ಸಾಧನ ಕೊಟ್ಟಿದ್ದರೆ ಅದನ್ನು ಊದುವುದಲ್ಲ, ನಿಧಾನಕ್ಕೆ ಉಸಿರು ಒಳಗೆ ಎಳೆಯಬೇಕು. ಡ್ರಿಪ್ ಜಾಸ್ತಿ ಹಾಕಿ ಅಂತ ಒತ್ತಾಯ ಮಾಡಬೇಡಿ, ಸೋರುವ ಶ್ವಾಸಕೋಶಕ್ಕೆ ಹೆಚ್ಚಿನ ನೀರೂ ಭಾರವೇ.

ಇನ್ನು ದಾರಿ. ಒಳಗಿನ ಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ ಹೋಗಲು ಹೊತ್ತು ಬೇಕು, ಮಳೆ ಇದ್ದರಂತೂ ಇನ್ನೂ ತಡ. ಒಬ್ಬರು ನೀರು ಹಾಕುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಿ, ಹೊಗೆ ಕುಡಿದಿದ್ದಾರಾ ಅನ್ನುವುದನ್ನು ಮೊದಲೇ ಹೇಳಿ.