ಗೊತ್ತಿಲ್ಲದ ಥೀಮ್ ಪಾರ್ಕ್ ರೆಸಾರ್ಟಿಗೆ ಎರಡು ದಿನದ ಮೊದಲ ಭೇಟಿ: ಯೋಜನೆ ಹಾಕುವುದು ಹೇಗೆ

ದೊಡ್ಡ ಥೀಮ್ ಪಾರ್ಕ್ ರೆಸಾರ್ಟಿಗೆ ಮೊದಲ ಸಲ ಹೋಗುವವರು ಸಾಮಾನ್ಯವಾಗಿ ನಕಾಶೆ ಬಿಡಿಸಿಕೊಂಡು ಕೂರುತ್ತಾರೆ. ಗೇಟಿನಿಂದ ಶುರು ಮಾಡಿ ಒಂದೊಂದೇ ನೋಡುತ್ತ ಒಂದು ಸುತ್ತು ಬಂದರಾಯಿತು ಎಂಬ ಲೆಕ್ಕ. ಸಮಯ ಕಡಿಮೆ ಇದ್ದಾಗ ಈ ಲೆಕ್ಕ ಕೈಕೊಡುತ್ತದೆ. ಬಾಗಿಲು ತೆರೆದ ಕೂಡಲೇ ಹತ್ತು ನಿಮಿಷಕ್ಕೆ ಸಿಗುತ್ತಿದ್ದ ರೈಡ್‌ಗೆ ಮಧ್ಯಾಹ್ನ ಒಂದೂವರೆ ಗಂಟೆ ನಿಲ್ಲಬೇಕಾಗುತ್ತದೆ. ದಿನವಿಡೀ ಸುಲಭವಾಗಿ ಸಿಗುವ ರೈಡ್‌ಗೆ ಬೆಳಗಿನ ಅಮೂಲ್ಯ ಗಂಟೆ ಖರ್ಚಾಗಿಬಿಟ್ಟಿರುತ್ತದೆ. ಹಾಗಾಗಿ ‘ಎಲ್ಲಿಂದ ಎಲ್ಲಿಗೆ’ ಎಂಬುದನ್ನು ಬದಿಗಿಟ್ಟು, ‘ಯಾವುದು ಎಷ್ಟು ಹೊತ್ತಿಗೆ’ ಎಂಬುದರಿಂದ ಯೋಜನೆ ಶುರುವಾಗಬೇಕು.

ಮೊದಲು ಜಾಗದ ಅಳತೆ ತಿಳಿಯಿರಿ

ರೆಸಾರ್ಟ್ ಎಂದರೆ ಒಂದೇ ಪಾರ್ಕ್ ಅಲ್ಲ. ಕೆಲವು ಪಾರ್ಕ್‌ಗಳು, ಹೋಟೆಲ್‌ಗಳು, ಅಂಗಡಿ ಬೀದಿ, ಇವನ್ನೆಲ್ಲ ಜೋಡಿಸುವ ಬಸ್ಸು ಅಥವಾ ರೈಲು ಸೇರಿ ರೆಸಾರ್ಟ್ ಆಗುತ್ತದೆ. ಇವುಗಳ ನಡುವಿನ ದೂರ ಒಂದೊಂದು ಕಡೆ ಒಂದೊಂದು ಥರ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಎರಡು ಪಾರ್ಕ್‌ಗಳ ಗೇಟುಗಳು ಎದುರುಬದುರು ಇವೆ, ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ಸುಮಾರು 100 ಚದರ ಕಿಲೋಮೀಟರ್ ಜಾಗ. ಅಲ್ಲಿ ನಾಲ್ಕು ಪಾರ್ಕ್‌ಗಳಿವೆ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಬಸ್ಸಿಗೆ ಕಾದು, ಪ್ರಯಾಣ ಮಾಡಿ, ಮತ್ತೆ ಭದ್ರತಾ ತಪಾಸಣೆ ದಾಟುವಷ್ಟರಲ್ಲಿ ಒಂದು ಗಂಟೆ ಸುಲಭವಾಗಿ ಹೋಗುತ್ತದೆ. ಆರ್ಲಾಂಡೊದ ಯೂನಿವರ್ಸಲ್‌ನಲ್ಲಿ ಹಳೆಯ ಎರಡು ಪಾರ್ಕ್‌ಗಳು ಅಕ್ಕಪಕ್ಕ ಇದ್ದರೆ, 2025ರಲ್ಲಿ ತೆರೆದ ಎಪಿಕ್ ಯೂನಿವರ್ಸ್ ಬೇರೆಯೇ ಕಡೆ ಇದೆ, ಅಲ್ಲಿಗೆ ವಾಹನ ಬೇಕೇ ಬೇಕು. ಟೋಕಿಯೊ ಡಿಸ್ನಿಯ ಎರಡು ಪಾರ್ಕ್‌ಗಳನ್ನು ಮಾನೋರೈಲು ಜೋಡಿಸುತ್ತದೆ, ಅದಕ್ಕೆ ಬೇರೆ ಟಿಕೆಟ್ ಕೊಳ್ಳಬೇಕು.

ಎರಡೇ ದಿನ ಕೈಯಲ್ಲಿದ್ದರೆ ದಿನಕ್ಕೊಂದೇ ಪಾರ್ಕ್ ಸಾಕು. ಒಂದೇ ದಿನ ಹಲವು ಪಾರ್ಕ್‌ಗಳಿಗೆ ಓಡಾಡಲು ಬಿಡುವ ದುಬಾರಿ ಟಿಕೆಟ್ ಗೇಟುಗಳು ನಡೆಯುವ ದೂರದಲ್ಲಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಊರು ತಲುಪುವ ದಿನವನ್ನು ಪಾರ್ಕ್ ದಿನವೆಂದು ಎಣಿಸಬೇಡಿ. ಮಧ್ಯಾಹ್ನ ಎರಡಕ್ಕೆ ಒಳಗೆ ಹೋದವರಿಗೂ ಟಿಕೆಟ್ ಪೂರ್ತಿ ದಿನದ್ದೇ, ಸಿಗುವುದು ಮಾತ್ರ ಅತಿ ಹೆಚ್ಚು ಜನ ಇರುವ ಹೊತ್ತು.

ದಿನಾಂಕ ಗೊತ್ತುಮಾಡುವಾಗ

ನಿಮ್ಮ ರಜೆಗಿಂತ ಆ ದೇಶದ ರಜೆ ಮುಖ್ಯ. ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ, ಚೀನಾದಲ್ಲಿ ಅಕ್ಟೋಬರ್ 1ರಿಂದ ಶುರುವಾಗುವ ವಾರ, ಅಮೆರಿಕದಲ್ಲಿ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಕಾಲಿಡಲು ಜಾಗ ಇರುವುದಿಲ್ಲ. ಇವನ್ನು ಬಿಟ್ಟು, ಮಂಗಳವಾರದಿಂದ ಗುರುವಾರದೊಳಗೆ ಎರಡು ದಿನ ಹೊಂದಿಸಿಕೊಳ್ಳಲು ನೋಡಿ.

ಟಿಕೆಟ್ ಕೊಳ್ಳುವ ಮೊದಲು ಪಾರ್ಕಿನ ಅಧಿಕೃತ ಜಾಲತಾಣದಲ್ಲಿ ಎರಡು ಪುಟಗಳನ್ನು ತೆರೆಯಿರಿ. ಒಂದು, ಆ ದಿನದ ತೆರೆಯುವ ಮತ್ತು ಮುಚ್ಚುವ ಸಮಯ. ಕೆಲವು ದಿನ ರಾತ್ರಿ ಪ್ರತ್ಯೇಕ ಟಿಕೆಟ್ಟಿನ ಕಾರ್ಯಕ್ರಮ ಇರುತ್ತದೆ. ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಹ್ಯಾಲೋವಿನ್ ಮತ್ತು ಕ್ರಿಸ್‌ಮಸ್ ಪಾರ್ಟಿಯ ದಿನಗಳಲ್ಲಿ ಮಾಮೂಲಿ ಟಿಕೆಟ್ಟಿನವರು ಸಂಜೆ ಆರಕ್ಕೇ ಹೊರಡಬೇಕು. ಅಂಥ ದಿನ ಹಗಲಿನಲ್ಲಿ ಜನ ಕಡಿಮೆ ಎಂಬುದು ಲಾಭ, ರಾತ್ರಿಯ ಪಟಾಕಿ ಪ್ರದರ್ಶನ ತಪ್ಪುತ್ತದೆ ಎಂಬುದು ನಷ್ಟ. ಗೊತ್ತಿದ್ದು ಆರಿಸಿದರೆ ತೊಂದರೆಯಿಲ್ಲ. ಎರಡನೆಯದು, ದುರಸ್ತಿಗಾಗಿ ಮುಚ್ಚಿರುವ ರೈಡ್‌ಗಳ ಪಟ್ಟಿ. ಇದನ್ನು ನೋಡದೆ ಹೋದ ಮನೆಮಂದಿ, ಮಗು ತಿಂಗಳುಗಟ್ಟಲೆ ಕನವರಿಸಿದ ರೈಡ್‌ನ ಮುಂದೆ ಹಲಗೆಯ ಬೇಲಿ ನೋಡಿ ನಿಲ್ಲುವುದು ನಿಜಕ್ಕೂ ಸಂಕಟದ ಸಂಗತಿ.

ಯಾವ ಸಾಲು ಬೆಳೆಯುತ್ತದೆ, ಏಕೆ

ಯೋಜನೆಯ ತಿರುಳು ಇಲ್ಲಿದೆ. ಸಾಲಿನ ಉದ್ದವನ್ನು ನಿರ್ಧರಿಸುವುದು ರೈಡ್ ಎಷ್ಟು ಜನಪ್ರಿಯ ಎಂಬುದೊಂದೇ ಅಲ್ಲ, ಗಂಟೆಗೆ ಎಷ್ಟು ಜನರನ್ನು ಹತ್ತಿಸಿ ಇಳಿಸುತ್ತದೆ ಎಂಬುದು ಕೂಡ. 24 ಸೀಟಿನ ರೋಲರ್ ಕೋಸ್ಟರ್ ರೈಲು ನಿಮಿಷಕ್ಕೊಂದು ಹೊರಟರೆ ಗಂಟೆಗೆ 1,440 ಜನ. ಅದೇ ಪಕ್ಕದಲ್ಲಿ 16 ಗಾಡಿಗಳಿರುವ, ಒಂದೊಂದರಲ್ಲಿ ಇಬ್ಬರು ಕೂರುವ, ಗಿರಗಿರ ಸುತ್ತುವ ಮಕ್ಕಳ ರೈಡ್ ಇದೆ ಎಂದುಕೊಳ್ಳಿ. ಹತ್ತಿ, ಸುತ್ತಿ, ಇಳಿಯುವಷ್ಟರಲ್ಲಿ ನಾಲ್ಕು ನಿಮಿಷವಾದರೆ ಗಂಟೆಗೆ 480 ಜನರಷ್ಟೇ. ಎರಡೂ ಸಾಲಿನಲ್ಲಿ 240 ಜನ ನಿಂತಿದ್ದರೆ ಕೋಸ್ಟರಿಗೆ ಹತ್ತು ನಿಮಿಷ, ಮಕ್ಕಳ ರೈಡ್‌ಗೆ ಅರ್ಧ ಗಂಟೆ. ನೋಡಲು ಸಾಧುವಾಗಿ ಕಾಣುವ ಮಕ್ಕಳ ರೈಡ್‌ಗಳು ಹತ್ತು ಗಂಟೆಯ ಹೊತ್ತಿಗೆ ಬಿಗಿಯಾಗುವುದು ಇದೇ ಕಾರಣಕ್ಕೆ.

ಇದಕ್ಕೆ ವಿರುದ್ಧವಾದದ್ದು ಗಾಡಿಗಳು ನಿಲ್ಲದೆ ಸರಪಳಿಯಂತೆ ಸಾಗುವ ರೈಡ್‌ಗಳು, ದೊಡ್ಡ ದೋಣಿಯ ರೈಡ್‌ಗಳು, ನೂರಾರು ಸೀಟಿನ ಸಭಾಂಗಣದ ಪ್ರದರ್ಶನಗಳು. ಇವು ಜನರನ್ನು ಬೇಗ ನುಂಗಿಕೊಳ್ಳುತ್ತವೆ, ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ನೀರಿನ ರೈಡ್‌ಗಳಿಗೆ ಬಿಸಿಲೇರಿದ ಮೇಲೆ ನೂಕುನುಗ್ಗಲು, ಬೆಳಗ್ಗೆ ಖಾಲಿ.

ಈಗ ಒಂದು ಹಾಳೆ ತೆಗೆದುಕೊಂಡು ದಿನಕ್ಕೆ ಮೂರು ‘ಬೇಕೇ ಬೇಕು’, ಐದಾರು ‘ಸಿಕ್ಕರೆ ಒಳ್ಳೆಯದು’ ಬರೆಯಿರಿ. ಮೂರಕ್ಕಿಂತ ಹೆಚ್ಚು ಬರೆದರೆ ಯಾವುದೂ ಮುಖ್ಯವಲ್ಲ ಎಂದಾಗುತ್ತದೆ. ಮನೆಯವರೆಲ್ಲ ಒಟ್ಟಿಗೆ ಕೂತು, ಒಬ್ಬೊಬ್ಬರೂ ಒಂದೊಂದು ಹೆಸರು ಹೇಳಲಿ. ಪಟ್ಟಿಯ ಒಂದೊಂದರ ಪಕ್ಕದಲ್ಲಿ ಹಿಂದಿನ ಕೆಲವು ದಿನ ಪಾರ್ಕಿನ ಆ್ಯಪ್‌ನಲ್ಲಿ ಕಂಡ ಕಾಯುವ ಸಮಯವನ್ನು ಗುರುತು ಹಾಕಿ. ಪಾರ್ಕಿನ ಸ್ಥಳೀಯ ಸಮಯ ಬೆಳಗ್ಗೆ 9.30, ಮಧ್ಯಾಹ್ನ 1, ರಾತ್ರಿ ಮುಚ್ಚುವ ಒಂದು ಗಂಟೆ ಮೊದಲು, ಈ ಮೂರು ಹೊತ್ತು ನೋಡಿದರೆ ಸಾಕು, ಯಾವುದನ್ನು ಮೊದಲು ಹಿಡಿಯಬೇಕೆಂದು ಪಟ್ಟಿಯೇ ಹೇಳುತ್ತದೆ.

ಸಾಲು ತಪ್ಪಿಸುವ ಪಾಸು

ಹಣ ಕೊಟ್ಟು ಚಿಕ್ಕ ಸಾಲಿನಲ್ಲಿ ಹೋಗುವ ಪಾಸು ಈಗ ಬಹುತೇಕ ದೊಡ್ಡ ಪಾರ್ಕ್‌ಗಳಲ್ಲಿದೆ. ಆದರೆ ನಿಯಮ ಎಲ್ಲೆಡೆ ಒಂದೇ ಅಲ್ಲ, ಮೊದಲ ಸಲ ಹೋಗುವವರು ಎಡವುವುದು ಇಲ್ಲೇ. ಕೇಳಬೇಕಾದ ಮುಖ್ಯ ಪ್ರಶ್ನೆ: ಇದನ್ನು ಗೇಟಿನ ಒಳಗೆ ಹೋದ ಮೇಲೆ ಕೊಳ್ಳಬೇಕೋ, ದಿನಗಳ ಮೊದಲೇ ಕೊಳ್ಳಬೇಕೋ?

ಟೋಕಿಯೊ ಡಿಸ್ನಿಯ ಪ್ರೀಮಿಯರ್ ಆ್ಯಕ್ಸೆಸ್ ಪಾಸನ್ನು ಅಂದು ಪಾರ್ಕ್ ಒಳಗೆ ಬಂದ ಮೇಲೆ ಆ್ಯಪ್‌ನಲ್ಲಿ, ಒಂದೊಂದು ರೈಡ್‌ಗೆ ಬೇರೆ ಬೇರೆಯಾಗಿ ಕೊಳ್ಳುತ್ತಾರೆ. ಅಂದರೆ ಗೇಟು ದಾಟಿದ ಮರುಕ್ಷಣ ಫೋನು, ಇಂಟರ್ನೆಟ್, ಕಾರ್ಡು ಮೂರೂ ಸಿದ್ಧವಿರಬೇಕು. ಫ್ಲೋರಿಡಾದ ಡಿಸ್ನಿಯಲ್ಲಿ 2024ರ ಜುಲೈನಿಂದ ಬಂದ ಪದ್ಧತಿಯ ಪ್ರಕಾರ ಅಲ್ಲಿನ ಹೋಟೆಲಿನಲ್ಲಿ ತಂಗುವವರು ಏಳು ದಿನ ಮೊದಲೇ, ಉಳಿದವರು ಮೂರು ದಿನ ಮೊದಲು ಸಮಯ ಕಾದಿರಿಸಬಹುದು. ಒಂದೊಂದು ರೈಡ್‌ಗೂ ಒಂದು ಗಂಟೆಯ ಅವಧಿ ಕೊಡುತ್ತಾರೆ. ಆರ್ಲಾಂಡೊದ ಯೂನಿವರ್ಸಲ್ ಎಕ್ಸ್‌ಪ್ರೆಸ್ ಪಾಸಿಗೆ ಸಮಯದ ಕಟ್ಟು ಇಲ್ಲ. ಜಪಾನಿನ ಯೂನಿವರ್ಸಲ್‌ನ ಎಕ್ಸ್‌ಪ್ರೆಸ್‌ನಲ್ಲಿ ರೈಡ್‌ಗಳೂ ಗೊತ್ತುಪಡಿಸಿದವು, ಸಮಯವೂ ಗೊತ್ತುಪಡಿಸಿದ್ದೇ. ಜನ ಹೆಚ್ಚಿದ ದಿನ ಅಲ್ಲಿನ ಸೂಪರ್ ನಿಂಟೆಂಡೊ ವರ್ಲ್ಡ್ ಆವರಣದೊಳಗೆ ಕಾಲಿಡಲೇ ಸಮಯ ನಮೂದಿಸಿದ ಬೇರೆ ಚೀಟಿ ಬೇಕಾಗುತ್ತದೆ. ಇಂಥ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರ ಅಧಿಕೃತ ಪುಟವನ್ನು ಇನ್ನೊಮ್ಮೆ ಓದಿ.

ಕೊಳ್ಳಬೇಕೇ ಬೇಡವೇ? ಬೆಳಗ್ಗೆ ಬೇಗ ಏಳಲು ಒಪ್ಪುವ ಮನೆಮಂದಿಗೆ, ಜನ ಕಡಿಮೆ ಇರುವ ದಿನ, ಇದು ಬೇಕಿಲ್ಲ. ರಜೆಯ ದಿನ, ಅದೂ ಒಂದೇ ದಿನ ಇದ್ದರೆ, ಹಣಕ್ಕೆ ತಕ್ಕ ಬೆಲೆ ಇದೆ. ಒಂದು ಸಂಗತಿ ನೆನಪಿಡಿ: ಪಾಸಿನವರನ್ನು ಮೊದಲು ಬಿಡುವುದರಿಂದ ಸಾಮಾನ್ಯ ಸಾಲು ಕಣ್ಣಿಗೆ ಕಂಡಷ್ಟು ಬೇಗ ಸಾಗುವುದಿಲ್ಲ. ಚಿಕ್ಕದಾಗಿ ಕಂಡಿತೆಂದು ನಿಲ್ಲುವ ಮೊದಲು ಫಲಕದ ನಿಮಿಷ ನೋಡಿ. ಒಬ್ಬಂಟಿಯಾಗಿ ಕೂರಲು ಒಪ್ಪುವವರಿಗೆ ಕೆಲವು ರೈಡ್‌ಗಳಲ್ಲಿ ‘ಸಿಂಗಲ್ ರೈಡರ್’ ಸಾಲು ಇರುತ್ತದೆ. ಖಾಲಿ ಉಳಿದ ಒಂದೊಂದು ಸೀಟಿಗೆ ಅಲ್ಲಿಂದ ತುಂಬಿಸುತ್ತಾರೆ, ಬೇರೆ ದುಡ್ಡಿಲ್ಲ.

ಆ ದಿನ ಬೆಳಗ್ಗೆ

ಪ್ರಕಟಿಸಿದ ಸಮಯಕ್ಕೆ 45ರಿಂದ 60 ನಿಮಿಷ ಮೊದಲು ಗೇಟಿನ ಮುಂದಿರಿ. ಪಾರ್ಕಿಂಗ್, ಶಟಲ್, ಬ್ಯಾಗ್ ತಪಾಸಣೆ ಎಲ್ಲ ಇದರ ಹೊರಗಿನ ಲೆಕ್ಕ. ಟಿಕೆಟ್ಟಿನ ಕ್ಯೂಆರ್ ಕೋಡ್‌ನ ಸ್ಕ್ರೀನ್‌ಶಾಟ್ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ. ಗೇಟಿನ ಬಳಿ ಸಾವಿರಾರು ಜನ ಒಮ್ಮೆಗೇ ಇಂಟರ್ನೆಟ್ ಎಳೆಯುವಾಗ ಆ್ಯಪ್ ತೆರೆಯದೆ ಒದ್ದಾಡುವುದುಂಟು.

ರೆಸಾರ್ಟಿನ ಹೋಟೆಲಿನಲ್ಲಿ ತಂಗಿದವರನ್ನು ಬಹಳ ಕಡೆ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲು ಒಳಗೆ ಬಿಡುತ್ತಾರೆ. ಆ ಹೊತ್ತಿನಲ್ಲಿ ಯಾವ ಯಾವ ಆವರಣ ತೆರೆದಿರುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ನೀವು ಹೊರಗಿನ ಹೋಟೆಲಿನಲ್ಲಿದ್ದರೆ ಅದೇ ಆವರಣಕ್ಕೆ ಓಡಬೇಡಿ, ಅಲ್ಲಿ ಆಗಲೇ ಸಾಲು ಕಟ್ಟಿರುತ್ತದೆ. ಪಾರ್ಕಿನ ಇನ್ನೊಂದು ತುದಿಯ ‘ಬೇಕೇ ಬೇಕು’ ರೈಡ್‌ನಿಂದ ಶುರು ಮಾಡಿ.

ದಿನದ ಹಾದಿ ಹೆಚ್ಚುಕಡಿಮೆ ಹೀಗಿರುತ್ತದೆ. ಒಂಬತ್ತಕ್ಕೆ ತೆರೆದರೆ ಹತ್ತೂವರೆಯೊಳಗೆ ಪಟ್ಟಿಯ ಎರಡು ಮುಖ್ಯ ರೈಡ್, ಹತ್ತಿರದಲ್ಲೇ ಇರುವ ಇನ್ನೊಂದು. ದಾರಿಯಲ್ಲಿ ಫೋಟೊ, ಅಂಗಡಿ, ಕಾಫಿ ಯಾವುದೂ ಬೇಡ, ಅವು ಸಂಜೆಯೂ ಇರುತ್ತವೆ. ಊಟ ಹನ್ನೊಂದಕ್ಕೆ ಅಥವಾ ಎರಡರ ಮೇಲೆ. ನಡುವೆ ಹೋದರೆ ಆಹಾರಕ್ಕೂ ಸಾಲು, ಮೇಜಿಗೂ ಸಾಲು. ಆ್ಯಪ್‌ನಲ್ಲಿ ಆರ್ಡರ್ ಮಾಡುವ ಸೌಲಭ್ಯ ಇದ್ದರೆ ಹಸಿವಾಗುವ ಒಂದು ಗಂಟೆ ಮೊದಲೇ ಸಮಯ ಹಿಡಿದಿಡಿ. ಹನ್ನೊಂದರಿಂದ ನಾಲ್ಕರವರೆಗೆ ಸಭಾಂಗಣದ ಪ್ರದರ್ಶನ, ನಿಧಾನದ ದೋಣಿ, ನೆರಳು. ಹೋಟೆಲು ಇಪ್ಪತ್ತು ನಿಮಿಷದೊಳಗೆ ಇದ್ದರೆ ಚಿಕ್ಕ ಮಕ್ಕಳನ್ನು ಕರೆದೊಯ್ದು ಮಲಗಿಸಿ ಬನ್ನಿ. ಅದಕ್ಕಿಂತ ದೂರವಾದರೆ ಪಾರ್ಕಿನೊಳಗೇ ತಣ್ಣಗಿನ ಮೂಲೆ ಹುಡುಕುವುದು ಮೇಲು. ಪೆರೇಡ್ ನೋಡುವ ಆಸೆ ಇಲ್ಲದಿದ್ದರೆ, ಅದು ನಡೆಯುವ ಹೊತ್ತು ರೈಡ್‌ಗಳ ಸಾಲು ಕರಗುತ್ತದೆ; ಪೆರೇಡ್ ದಾರಿಯನ್ನು ಮಾತ್ರ ಮೊದಲೇ ದಾಟಿಕೊಂಡಿರಿ, ಆಮೇಲೆ ಹಗ್ಗ ಕಟ್ಟಿರುತ್ತಾರೆ. ಮೂರನೆಯ ‘ಬೇಕೇ ಬೇಕು’ ರೈಡನ್ನು ರಾತ್ರಿಗೆ ಉಳಿಸಿಕೊಳ್ಳಿ. ಮುಚ್ಚುವ ಸಮಯಕ್ಕೆ ಒಂದು ನಿಮಿಷ ಮೊದಲು ಸಾಲಿಗೆ ಸೇರಿದವರನ್ನೂ ಸಾಮಾನ್ಯವಾಗಿ ಹತ್ತಿಸಿಯೇ ಕಳಿಸುತ್ತಾರೆ, ಆದರೆ ಕೆಲವು ರೈಡ್‌ಗಳ ಸಾಲನ್ನು ಮೊದಲೇ ಮುಚ್ಚುವುದೂ ಉಂಟು, ಬೆಳಗ್ಗೆಯೇ ಸಿಬ್ಬಂದಿಯನ್ನು ಕೇಳಿಟ್ಟುಕೊಳ್ಳಿ.

ಮಕ್ಕಳ ಎತ್ತರ

ಮಗುವನ್ನು ಮನೆಯಲ್ಲೇ ಅಳೆಯಿರಿ. ಡಿಸ್ನಿಯ ಬಹಳಷ್ಟು ವೇಗದ ರೈಡ್‌ಗಳಿಗೆ 102 ಸೆಂ.ಮೀ. ಬೇಕು, ಫ್ಲೋರಿಡಾದ ಸ್ಪೇಸ್ ಮೌಂಟನ್‌ಗೆ 112, ಯೂನಿವರ್ಸಲ್‌ನ ಹಲ್ಕ್ ಕೋಸ್ಟರಿಗೆ 137. ಅಳತೆ ಕೋಲಿನ ಮುಂದೆ ಯಾರ ಮಾತೂ ನಡೆಯುವುದಿಲ್ಲ, ಅದು ಸೀಟಿನ ಬೆಲ್ಟ್ ಮತ್ತು ಪಟ್ಟಿ ಮೈಗೆ ಸರಿಯಾಗಿ ಕೂರಲೆಂದು ಇಟ್ಟ ಅಳತೆ. ಮಗು ಒಂದು ಸೆಂಟಿಮೀಟರಿನ ಅಂಚಿನಲ್ಲಿದ್ದರೆ ಆ ರೈಡ್‌ಗೆ ಬೆಳಗ್ಗೆಯೇ ಹೋಗಿ. ದಿನವಿಡೀ ನಿಂತು ನಡೆದ ಮೇಲೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಕೊಂಡು, ಸಂಜೆಗೆ ಎಲ್ಲರೂ ಒಂದಿಷ್ಟು ಗಿಡ್ಡವಾಗಿರುತ್ತೇವೆ.

ಹತ್ತಲಾಗದ ಮಗು ಜೊತೆಗಿದ್ದರೆ ‘ರೈಡರ್ ಸ್ವಿಚ್’ ಅಥವಾ ‘ಚೈಲ್ಡ್ ಸ್ವಾಪ್’ ಕೇಳಿ. ಒಬ್ಬರು ಹತ್ತಿ ಬರುವವರೆಗೆ ಇನ್ನೊಬ್ಬರು ಮಗುವಿನ ಜೊತೆ ಇದ್ದು, ಆಮೇಲೆ ಮತ್ತೆ ಸಾಲು ನಿಲ್ಲದೆ ತಾವು ಹತ್ತಬಹುದು. ಸಾಲಿಗೆ ಸೇರುವ ಮೊದಲೇ, ಮಗುವನ್ನೂ ಮುಂದೆ ನಿಲ್ಲಿಸಿಕೊಂಡು, ಬಾಗಿಲಿನ ಸಿಬ್ಬಂದಿಗೆ ಹೇಳಬೇಕು. ಅರ್ಧ ಸಾಲು ದಾಟಿದ ಮೇಲೆ ಕೇಳಿದರೆ ಕಷ್ಟ.

ಚೀಲದಲ್ಲಿ ಏನಿರಬೇಕು

ಹತ್ತು ಸಾವಿರ ಎಂಎಎಚ್ ಪವರ್ ಬ್ಯಾಂಕ್ ಮತ್ತು ಕೇಬಲ್, ಏಕೆಂದರೆ ಟಿಕೆಟ್, ನಕಾಶೆ, ಊಟ ಎಲ್ಲವೂ ಫೋನಿನಲ್ಲೇ. ತೆಳು ರೇನ್‌ಕೋಟ್, ನೀರಿನ ಬಾಟಲಿ, ಒಂದು ಜೊತೆ ಹೆಚ್ಚುವರಿ ಕಾಲುಚೀಲ. ನೀರಿನ ರೈಡ್ ಆದ ಮೇಲೆ ಒದ್ದೆ ಕಾಲುಚೀಲದಲ್ಲೇ ನಡೆದರೆ ಗಂಟೆಯೊಳಗೆ ಬೊಬ್ಬೆ ಏಳುತ್ತದೆ. ಹೊಸ ಶೂ ಹಾಕಿಕೊಂಡು ಖಂಡಿತ ಹೋಗಬೇಡಿ, ದಿನಕ್ಕೆ ಹದಿನೈದರಿಂದ ಇಪ್ಪತ್ತು ಸಾವಿರ ಹೆಜ್ಜೆ ಆಗುವ ಜಾಗ ಇದು. ಸೆಲ್ಫಿ ಸ್ಟಿಕ್ ಮನೆಯಲ್ಲೇ ಇರಲಿ, ಡಿಸ್ನಿ ಪಾರ್ಕ್‌ಗಳಲ್ಲಿ 2015ರಿಂದ ನಿಷೇಧ. ಆರ್ಲಾಂಡೊದ ಯೂನಿವರ್ಸಲ್‌ನ ಕೆಲವು ಕೋಸ್ಟರುಗಳಲ್ಲಿ ಜೇಬಿನ ಫೋನನ್ನೂ ಲಾಕರಿನಲ್ಲಿಟ್ಟು, ಲೋಹಶೋಧಕ ದಾಟಿ ಹೋಗಬೇಕು. ಚೀಲ ಚಿಕ್ಕದಾದಷ್ಟೂ ಇಲ್ಲಿ ಬೇಗ ಮುಗಿಯುತ್ತದೆ.

ಯೋಜನೆ ತಪ್ಪಿದಾಗ

ರೈಡ್ ಕೆಟ್ಟು ನಿಲ್ಲುವುದು ಮಾಮೂಲು. ಸಾಲಿನ ಕೊನೆಯಲ್ಲಿದ್ದರೆ ಹೊರಬನ್ನಿ. ಹತ್ತುವ ಜಾಗದ ಹತ್ತಿರ ಬಂದಿದ್ದರೆ ಹದಿನೈದು ನಿಮಿಷ ನೋಡಿ, ಹೊರಡುವಾಗ ಮರಳಿ ಬರಲು ಚೀಟಿ ಕೊಡುತ್ತೀರಾ ಎಂದು ಕೇಳಿ. ಮತ್ತೆ ಶುರುವಾದ ಮೊದಲ ಹತ್ತು ನಿಮಿಷ ಅಲ್ಲಿ ಸಾಲೇ ಇರುವುದಿಲ್ಲ, ಆ್ಯಪ್ ಮೇಲೆ ಕಣ್ಣಿಡಿ.

ಮಿಂಚು ಹತ್ತಿರ ಬಂದರೆ ಬಯಲಿನ ರೈಡ್‌ಗಳನ್ನೆಲ್ಲ ನಿಲ್ಲಿಸುತ್ತಾರೆ. ಫ್ಲೋರಿಡಾದ ಬೇಸಿಗೆಯಲ್ಲಿ ಇದು ಹೆಚ್ಚುಕಡಿಮೆ ದಿನದ ಮಧ್ಯಾಹ್ನದ ಪಾಡು. ಮೋಡ ಕಪ್ಪಾಗುತ್ತಲೇ ಒಳಾಂಗಣದ ಪ್ರದರ್ಶನಕ್ಕೋ ಊಟಕ್ಕೋ ಹೋಗಿ ಕೂರಿ. ಹನಿ ಬಿದ್ದ ಮೇಲೆ ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ಮಳೆಗೆ ಹೆದರಿ ಬಹಳ ಜನ ಮನೆಯ ದಾರಿ ಹಿಡಿಯುವುದರಿಂದ, ನಿಂತ ಮೇಲಿನ ಎರಡು ಗಂಟೆ ಬಂಗಾರದಂಥ ಹೊತ್ತು.

ಗುಂಪು ಚದುರಿದರೆ ಸೇರುವ ಜಾಗ ಬೆಳಗ್ಗೆಯೇ ಗೊತ್ತಿರಲಿ. ‘ಅರಮನೆ ಮುಂದೆ’ ಎಂದರೆ ಅಲ್ಲಿ ಸಾವಿರ ಜನ. ಒಂದು ಅಂಗಡಿಯ ಬಾಗಿಲು, ಒಂದು ಕಂಬ ಎಂದು ಬೆರಳಿಟ್ಟು ತೋರಿಸಿ. ಚಿಕ್ಕ ಮಕ್ಕಳ ತೋಳಿನ ಮೇಲೆ ಫೋನ್ ನಂಬರನ್ನು ಪೆನ್ನಿನಿಂದ ಬರೆದುಬಿಡಿ.

ಪಟಾಕಿ ಪ್ರದರ್ಶನ ಮುಗಿದೊಡನೆ ಇಡೀ ಪಾರ್ಕ್ ಬಸ್ ನಿಲ್ದಾಣದತ್ತ ಹರಿಯುತ್ತದೆ. ಮುಗಿಯುವ ಹತ್ತು ನಿಮಿಷ ಮೊದಲೇ ಗೇಟಿನ ಹತ್ತಿರ ಸರಿದು ಅಲ್ಲಿಂದಲೇ ನೋಡಿ, ಇಲ್ಲವೇ ಮುಗಿದ ಮೇಲೆ ನಲವತ್ತು ನಿಮಿಷ ಅಂಗಡಿಗಳಲ್ಲಿ ನಿಧಾನಿಸಿ. ಹೊರಗಿನ ಹೋಟೆಲಿನವರು ಕೊನೆಯ ಶಟಲ್ ಅಥವಾ ರೈಲಿನ ಸಮಯವನ್ನು ಬೆಳಗ್ಗೆಯೇ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಬೇಕು.

ಎರಡನೆಯ ದಿನವೇ ಊರಿಗೆ ಹೊರಡುವುದಿದ್ದರೆ ಬೆಳಗ್ಗೆ ರೂಮು ಖಾಲಿ ಮಾಡಿ, ಸಾಮಾನನ್ನು ಹೋಟೆಲಿನ ಕೌಂಟರಿನಲ್ಲಿ ಚೀಟಿ ಪಡೆದು ಇಡಿ. ಪಾರ್ಕಿನ ಲಾಕರಿನಲ್ಲಿ ದೊಡ್ಡ ಸೂಟ್‌ಕೇಸ್ ಹಿಡಿಯುವುದು ಅಪರೂಪ, ತಪಾಸಣೆಯಲ್ಲಿ ಒಳಗೆ ಬಿಡದಿರುವುದೂ ಉಂಟು. ವಿಮಾನ ನಿಲ್ದಾಣ ತಲುಪಬೇಕಾದ ಸಮಯದಿಂದ ಹಿಂದಕ್ಕೆ ಎಣಿಸಿ: ಪ್ರಯಾಣದ ಹೊತ್ತು, ಸಾಮಾನು ತೆಗೆದುಕೊಳ್ಳಲು ಅರ್ಧ ಗಂಟೆ, ಪಾರ್ಕಿನ ಒಳತುದಿಯಿಂದ ಗೇಟಿಗೆ ಮತ್ತು ಗೇಟಿನಿಂದ ಹೋಟೆಲಿಗೆ ಇನ್ನೊಂದು ಮುಕ್ಕಾಲು ಗಂಟೆ. ಆ ಹೊತ್ತಿಗಿಂತ ಒಂದು ಗಂಟೆ ಮೊದಲೇ ಕೊನೆಯ ರೈಡ್‌ನ ಸಾಲಿಗೆ ಸೇರಿ.